ಸ್ಟೇಷನ್ನಿಗೆ ಹತ್ತಿರ, ಶಾಲೆಗೆ ಹತ್ತಿರ

ಭಾನುವಾರದ ಪೇಪರನ್ನು ಬಿಡಿಸಿದರೆ ಸುದ್ದಿಗಿಂತ ಮೊದಲು ಕೆಳಗೆ ಬೀಳುವುದು ಬಣ್ಣಬಣ್ಣದ ಕಾಗದಗಳು. ಒಂದು ಬಿರಿಯಾನಿಯದು, ಒಂದು ಮೊಣಕಾಲು ನೋವಿನದು, ಉಳಿದವೆಲ್ಲ ಮನೆಗಳದು. ಮೊನ್ನೆ ಬಿದ್ದದ್ದರಲ್ಲಿ ಒಂದು ಕೆರೆ, ಕೆರೆಯಲ್ಲಿ ಹಂಸಗಳು, ದಡದಲ್ಲಿ ಬಿಳಿಯ ಉಡುಪಿನ ಹೆಂಗಸೊಬ್ಬಳು ಕಾಫಿಯ ಕಪ್ಪು ಹಿಡಿದು ಸೂರ್ಯೋದಯ ನೋಡುತ್ತ ನಿಂತಿದ್ದಳು. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಸ್ಟೇಷನ್ನಿಗೆ ಹತ್ತಿರ, ಶಾಲೆಗೆ ಹತ್ತಿರ, ನಿಸರ್ಗಕ್ಕೆ ಹತ್ತಿರ. ನನಗೆ ಮೈಯೆಲ್ಲ ಉರಿದುಹೋಯಿತು. ಆ ಊರು ನನಗೆ ಗೊತ್ತು. ಅಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ಕಪ್ಪು ಹಿಡಿದು ನಿಲ್ಲುವ ಹೆಂಗಸರಿಲ್ಲ. ಅಷ್ಟು ಹೊತ್ತಿಗೆ ಅವರೆಲ್ಲ ಪ್ಲಾಟ್‌ಫಾರ್ಮಿನ ಮೇಲಿರುತ್ತಾರೆ. ಹಂಸವಂತೂ ಖಂಡಿತ ಇಲ್ಲ. ಕಾಗದವನ್ನು ಚಿಕ್ಕದಾಗಿ ಮಡಿಸಿ, ಅಲುಗಾಡುವ ಮೇಜಿನ ಕಾಲಿನಡಿಗೆ ಇಟ್ಟೆ. ಅಷ್ಟಾದರೂ ಉಪಯೋಗಕ್ಕೆ ಬರಲಿ.

ನನ್ನ ಹೆಸರು ಶಾಂತಾ. ನಗಬೇಡಿ. ಈ ಹೆಸರು ಯಾಕಿಟ್ಟೆ ಎಂದು ಅವ್ವನನ್ನು ಕೇಳಿದರೆ, "ಹುಟ್ಟಿದಾಗ ಅಳಲಿಲ್ಲಲ್ಲ, ಅದಕ್ಕ ಇಟ್ಟೆ. ಮುಂದ ಹಿಂಗ ಆಗತೀ ಅಂತ ನನಗೇನ ಗೊತ್ತಿತ್ತು" ಎನ್ನುತ್ತಾಳೆ. ಫೋರ್ಟಿನ ಒಂದು ವಿಮಾ ಆಫೀಸಿನಲ್ಲಿ ನಾನು ಗುಮಾಸ್ತೆ. ಇಡೀ ದಿನ ಬೇರೆಯವರ ಆಕಸ್ಮಿಕಗಳ ಕಾಗದಪತ್ರ ನೋಡುವ ಕೆಲಸ. ಅಲ್ಲಿ ಸಿಟ್ಟು ಮಾಡುವಂತಿಲ್ಲವಾದ್ದರಿಂದ ಅದು ಒಳಗೇ ಶೇಖರವಾಗುತ್ತದೆ. ಮನೆ ಹುಡುಕಿದ ಆ ವರ್ಷ ಅದೆಲ್ಲ ಒಟ್ಟಿಗೆ ಖರ್ಚಾಯಿತು.

ಆಗ ನಾವು ಚೆಂಬೂರಿನ ಹಳೆಯ ಕಾಲೊನಿಯೊಂದರಲ್ಲಿ ಬಾಡಿಗೆಗಿದ್ದೆವು. ನಾವು ಎಂದರೆ ನಾನು, ನನ್ನ ಗಂಡ ಸದಾನಂದ, ಒಂದನೆಯ ತರಗತಿಗೆ ಹೋಗಬೇಕಾಗಿದ್ದ ಮಗಳು ಇಂಚರ, ಮತ್ತು ನನ್ನ ಅವ್ವ. ನಾವು ಆಫೀಸಿಗೆ ಹೋದಾಗ ಮಗಳನ್ನು ನೋಡಿಕೊಳ್ಳುವವಳು ಅವ್ವನೇ. ಕಟ್ಟಡಕ್ಕೆ ವಯಸ್ಸಾಗಿತ್ತು, ಮಳೆಗಾಲದಲ್ಲಿ ಗೋಡೆಗೆ ಕೈ ಇಟ್ಟರೆ ಸುಣ್ಣ ಕೈಗೆ ಬರುತ್ತಿತ್ತು, ಆದರೆ ಎಲ್ಲವೂ ಕಾಲಳತೆಯಲ್ಲಿತ್ತು. ಒಂದು ದಿನ ಮಾಲೀಕರು ಬಂದರು. ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗುತ್ತದೆ ಎಂದರು. ಇದು ಬಹಳ ಸೊಗಸಾದ ಶಬ್ದ. ಮಾಲೀಕರಿಗೆ ಅದರ ಅರ್ಥ ಹೊಸ ಮನೆ, ಬಾಡಿಗೆಯವರಿಗೆ ಅದರ ಅರ್ಥ ಖಾಲಿ ಮಾಡಿ. "ಶಾಂತಾ, ನಿಮ್ಮಂಥ ಜನ ಇನ್ನು ಸಿಗುವುದಿಲ್ಲ" ಎಂದು ಕಣ್ಣೊರೆಸಿಕೊಂಡು, ಎರಡು ಸಲ ಚಹಾ ಕುಡಿದು, ಖಾಲಿ ಮಾಡಬೇಕಾದ ತಿಂಗಳನ್ನು ಹೇಳಿ ಹೋದರು. ಚೆಂಬೂರಿನಲ್ಲಿ ಹೊಸದಾಗಿ ಮನೆ ಹಿಡಿಯುವುದು ನಮ್ಮ ಕೈಗೆ ನಿಲುಕುವ ಮಾತಾಗಿರಲಿಲ್ಲ. ಹೀಗೆ ನಾವು ಊರು ಹುಡುಕಲು ಹೊರಟೆವು.

ಮನೆ ಹುಡುಕುವವರಿಗೆ ಈ ನಗರದಲ್ಲಿ ಮೊದಲು ಸಿಗುವುದು ಸಲಹೆ. ನಮ್ಮ ಆಫೀಸಿನಲ್ಲಿ ಕುಲಕರ್ಣಿ ಮೇಡಂ ಎಂಬವರಿದ್ದಾರೆ. ಅವರ ಅಜ್ಜನ ಕಾಲದಿಂದಲೂ ದಾದರಿನಲ್ಲೇ ಮನೆ. ಡೋಂಬಿವಲಿಗೆ ಹೋಗಿ, ಅಲ್ಲಿ ಸಂಸ್ಕಾರ ಇದೆ ಎಂದರು. ವಿರಾರಿಗೆ ಹೋಗಿ, ಗಾಳಿ ಇದೆ ಎಂದರು. ಪನ್ವೇಲಿಗೆ ಹೋಗಿ, ಭವಿಷ್ಯ ಇದೆ ಎಂದರು. ಇಷ್ಟೆಲ್ಲ ಇರುವ ಊರಿಗೆ ತಾವೇ ಯಾಕೆ ಹೋಗಲಿಲ್ಲ ಎಂದು ನಾನು ಕೇಳಲಿಲ್ಲ. ಮನಸ್ಸಿನಲ್ಲಿ ಮಾತ್ರ ಎರಡು ಮೂರು ಭಾಷೆಯಲ್ಲಿ ಕೇಳಿದೆ.

ಬ್ರೋಕರುಗಳು ಇನ್ನೊಂದು ತರಹ. ಅವರು ಭೂಗೋಳವನ್ನೇ ಹೊಸದಾಗಿ ಬರೆಯುತ್ತಾರೆ. ಥಾಣೆ ದಾಟಿ, ಹೊಳೆ ದಾಟಿ, ಗೋದಾಮುಗಳ ನಡುವೆ ಎದ್ದು ನಿಂತ ಕಟ್ಟಡ ಅವರ ಬಾಯಲ್ಲಿ ಅಪ್ಪರ್ ಥಾಣೆ. ಯಾವುದರ ಹೆಸರು ಹೇಳಲು ನಾಚಿಕೆಯೋ ಅದು ಪಕ್ಕದ ದೊಡ್ಡ ಊರಿನ ಎನೆಕ್ಸ್, ಅಂದರೆ ವಿಸ್ತರಣೆ. ಅಕ್ಕಪಕ್ಕದಲ್ಲಿ ಊರೇ ಇಲ್ಲದಿದ್ದರೆ ಅದು ನಿಸರ್ಗ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಷರತ್ತು. ಅವ್ವನದು ಜೋಳ ಬೀಸುವ ಗಿರಣಿ. ಅಂಗಡಿಯಲ್ಲಿ ಸಿಗುವ ಜೋಳದ ಹಿಟ್ಟು ಹಿಟ್ಟೇ ಅಲ್ಲ, ಅದು ಸತ್ತ ಹಿಟ್ಟು, ಬಡಿದರೆ ಹರಿಯುತ್ತದೆ ಎಂಬುದು ಅವಳ ಸಿದ್ಧಾಂತ. ಯಾವ ಊರಿನ ಹೆಸರು ಹೇಳಿದರೂ "ಗಿರಣಿ ಐತೇನು" ಎಂದೊಂದೇ ಪ್ರಶ್ನೆ. ಗಂಡನದು ಒಂದೇ ಷರತ್ತು, ಆದರೆ ದೊಡ್ಡದು: ಈ ಸಲ ಬಾಡಿಗೆ ಬೇಡ, ಸ್ವಂತದ್ದು ಬೇಕು. ಅದಕ್ಕೆ ಕಾರಣವುಂಟು. ಉಡುಪಿಯ ಕಡೆಯಿಂದ ಹುಡುಗನಾಗಿದ್ದಾಗ ಬಂದವರು, ಫೋರ್ಟಿನಲ್ಲಿ ಸೋದರಮಾವನ ಹೋಟೆಲಿನ ಅಟ್ಟದ ಮೇಲೆ ಮಲಗಿ ಬೆಳೆದವರು. ಅಟ್ಟದಲ್ಲಿ ನೆಟ್ಟಗೆ ನಿಂತರೆ ತಲೆ ಸೂರಿಗೆ ಬಡಿಯುತ್ತಿತ್ತು. ರಾತ್ರಿ ಶಾಲೆಯಲ್ಲಿ ಓದಿ, ಬಿ.ಕಾಂ. ಮಾಡಿ, ಈಗ ಬಾಂದ್ರಾದ ಒಂದು ಕೇಟರಿಂಗ್ ಕಂಪನಿಯಲ್ಲಿ ಲೆಕ್ಕಪತ್ರ ನೋಡುತ್ತಾರೆ. ಈಗಲೂ ಯಾವುದೇ ಹೊಸ ಮನೆಗೆ ಹೋದರೆ ಮೊದಲು ಮೇಲೆ ನೋಡುತ್ತಾರೆ, ಸೂರು ಎಷ್ಟು ಎತ್ತರ ಅಂತ.

ನನ್ನ ಷರತ್ತು ಎರಡು. ಮಗಳಿಗೆ ಒಳ್ಳೆಯ ಶಾಲೆ ಇರಬೇಕು. ನಾನು ಮನೆಗೆ ಮರಳುವಾಗ ಅವಳು ಎಚ್ಚರವಿರಬೇಕು. ಇಷ್ಟು ಕೇಳಿದ್ದಕ್ಕೆ ಜನ ನನ್ನನ್ನು ಅರಮನೆ ಕೇಳಿದವಳಂತೆ ನೋಡಿದರು. "ಮೂರರಲ್ಲಿ ಎರಡು ಸಿಗ್ತದೆ ಭಾಭೀ, ಮನೆ, ಶಾಲೆ, ಟ್ರೇನು. ಯಾವುದೋ ಒಂದು ಬಿಡಿ" ಎಂದ ಜಾಧವ್ ಎಂಬ ಬ್ರೋಕರ್, ತರಕಾರಿ ಮಾರುವವನು ಕೊತ್ತಂಬರಿ ಮುಗಿಯಿತು ಎನ್ನುವಷ್ಟು ಸಹಜವಾಗಿ. ಯಾಕೆ ಬಿಡಬೇಕು? ಮನೆಯಲ್ಲಿರುವುದು, ಓದುವುದು, ಕೆಲಸಕ್ಕೆ ಹೋಗಿ ಬರುವುದು, ಇದು ಮೂರು ಬೇರೆ ಬೇರೆ ಆಸೆಯೇ? ಒಂದೇ ಬದುಕಲ್ಲವೇ?

ನನ್ನ ಶಾಲೆಯನ್ನು ಅವ್ವ ಹೇಗೆ ಆರಿಸಿದಳು ಎಂದು ಈಗ ಹೇಳಬೇಕು. ನಾವಾಗ ವಡಾಲಾದ ಒಂದು ಚಾಳಿನ ಸಾಲುಕೋಣೆಯಲ್ಲಿದ್ದೆವು. ಅಪ್ಪ ಬಂದರಿನಲ್ಲಿ ಹಡಗಿನ ಮಾಲು ಇಳಿಸುತ್ತಿದ್ದ. ವಿಜಾಪುರದ ಕಡೆಯವರೇ ನಡೆಸುತ್ತಿದ್ದ ಖಾನಾವಳಿಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನನಗೆ ಶಾಲೆಯ ವಯಸ್ಸಾದಾಗ ಅವಳು ಯಾರನ್ನೂ ಕೇಳಲಿಲ್ಲ. ಖಾನಾವಳಿಯಿಂದ ಹೊರಟು ಸುತ್ತಮುತ್ತಲ ಶಾಲೆಗಳಿಗೆ ನಡೆದು ನೋಡಿದಳು. ನಡುವೆ ದೊಡ್ಡ ರಸ್ತೆ ಬಾರದ ಶಾಲೆ ಒಂದೇ ಇತ್ತು, ಮುನ್ಸಿಪಾಲಿಟಿಯ ಕನ್ನಡ ಶಾಲೆ. ಅಲ್ಲಿ ಹಾಕಿದಳು. ಮುಗಿಯಿತು. ಮೇಲಿನ ಮಹಡಿಯಲ್ಲಿ ಮರಾಠಿ ತರಗತಿಗಳು. ಅವರು ಒಕ್ಕೊರಲಿನಿಂದ ಮಗ್ಗಿ ಹೇಳಿದರೆ ನಮ್ಮ ಟೀಚರಿನ ಮಾತು ನಮಗೆ ಕೇಳಿಸುತ್ತಿರಲಿಲ್ಲ. ಹಾಗಾಗಿ ಪದ್ಯ ಕನ್ನಡದಲ್ಲಿ ಕಲಿತೆ, ಮಗ್ಗಿ ಮರಾಠಿಯಲ್ಲಿ. ಇವತ್ತಿಗೂ ಲೆಕ್ಕ ಹಾಕುವಾಗ ನನ್ನ ತುಟಿ ಮರಾಠಿಯಲ್ಲಿ ಅಲುಗುತ್ತದೆ. ಮಧ್ಯಾಹ್ನದ ಬಿಡುವಿನಲ್ಲಿ ಓಡಿ ಖಾನಾವಳಿಗೆ ಹೋದರೆ, ಹಂಚಿನಿಂದ ಇಳಿಸಿದ ರೊಟ್ಟಿಗೆ ಎಣ್ಣೆ ಖಾರ ಸವರಿ ಸುರುಳಿ ಸುತ್ತಿ ಕೊಡುತ್ತಿದ್ದಳು. ಒಳ್ಳೆಯ ಶಾಲೆಯೋ ಅಲ್ಲವೋ ಎಂಬ ಪ್ರಶ್ನೆ ಅವಳಿಗೂ ಬರಲಿಲ್ಲ, ನನಗೂ ಬರಲಿಲ್ಲ, ಶಾಲೆಗಂತೂ ಬರಲೇ ಇಲ್ಲ. ಮಕ್ಕಳು ಸಾಲದೆ ಈಗ ಅಲ್ಲಿ ಕನ್ನಡದ ತರಗತಿಗಳು ನಿಂತುಹೋಗಿವೆ ಎಂದು ಕೇಳಿದ್ದೇನೆ.

ಇಂಚರಳ ಪಾಲಿಗೆ ಕಾಲ ಬದಲಾಗಿತ್ತು. ಜಾಧವ್ ನಮ್ಮನ್ನು ಒಂದು ಭಾನುವಾರ ಬದ್ಲಾಪುರಕ್ಕೆ ಕರೆದುಕೊಂಡು ಹೋದ. ಖಾಲಿ ಟ್ರೇನು, ಕಿಟಕಿಯ ಸೀಟು, ಬೆಟ್ಟದ ಸಾಲು, ಹಸಿರು. ಭಾನುವಾರವೇ ಯಾಕೆ ಕರೆದುಕೊಂಡು ಹೋಗುತ್ತಾರೆ ಎಂಬುದು ಆಗ ಹೊಳೆಯಲಿಲ್ಲ. ಸ್ಟೇಷನ್ನಿನಿಂದ ನಡೆದೇ ಹೋಗಬಹುದು ಎಂದಿದ್ದವನು ಇಳಿದ ತಕ್ಷಣ ಆಟೋ ಹಿಡಿದ. ಆಟೋ ಹೋಯಿತು, ಹೋಯಿತು, ಡಾಂಬರು ಮುಗಿಯಿತು, ಆಟೋ ಮತ್ತೂ ಹೋಯಿತು.

"ನಡ್ಕೊಂಡು ಬರಬಹುದು ಅಂದಿದ್ರಲ್ಲ?" ಎಂದೆ.

"ಬರಬಹುದು ಭಾಭೀ. ಯಾರೂ ಬೇಡ ಅನ್ನೋದಿಲ್ಲ" ಎಂದ.

ಫ್ಲ್ಯಾಟು ಮಾತ್ರ ಚೆನ್ನಾಗಿತ್ತು. ಇದನ್ನು ನಾನು ಒಪ್ಪಿಕೊಳ್ಳಲೇಬೇಕು. ಬೆಳಕು ಬರುವ ಅಡುಗೆಮನೆ, ಮಗಳಿಗೆಂದೇ ಒಂದು ಪುಟ್ಟ ಕೋಣೆ, ಬಾಲ್ಕನಿ. ಸದಾನಂದರು ಮೊದಲು ಮೇಲೆ ನೋಡಿದರು. ಆಮೇಲೆ ಗೋಡೆಯ ಮೇಲೆ ಅಂಗೈ ಇಟ್ಟರು. ಎಮ್ಮೆಯ ಬೆನ್ನು ಸವರುವಂತೆ ಆ ಗೋಡೆಯನ್ನು ಸವರಿದರು. "ಇಲ್ಲಿ ಒಂದು ಮೊಳೆ ಹೊಡೆದ್ರೆ ಯಾರೂ ಕೇಳುವವರಿಲ್ಲ, ಅಲ್ವನಾ?" ಎಂದರು, ಯಾರಿಗೂ ಅಲ್ಲ, ಗೋಡೆಗೇ. ಬಾಡಿಗೆ ಮನೆಯಲ್ಲಿ ಒಂದು ಕ್ಯಾಲೆಂಡರು ತೂಗುಹಾಕಲೂ ನಾವು ಮಾಲೀಕರಿಗೆ ಫೋನು ಮಾಡಿದವರು.

ಅವ್ವ ಬಾಲ್ಕನಿಯಿಂದ ನಾಲ್ಕೂ ದಿಕ್ಕು ನೋಡಿದಳು. "ಗಿರಣಿ ಎಲ್ಲಿ ಐತಿ?"

"ಬರ್ತದೆ ಆಜೀ" ಎಂದ ಜಾಧವ್. ಮೆಟ್ರೋ ಬರುತ್ತದೆ, ಆಸ್ಪತ್ರೆ ಬರುತ್ತದೆ, ಮಾರ್ಕೆಟ್ ಬರುತ್ತದೆ. ಆ ಊರಿನಲ್ಲಿ ಎಲ್ಲವೂ ಬರುವುದರಲ್ಲಿತ್ತು. ಆಗಲೇ ಬಂದು ಕುಳಿತದ್ದು ಒಂದೇ, ಶಾಲೆ. ಹೊಸ ಕಟ್ಟಡ, ಹೆಸರಿನಲ್ಲಿ ಇಂಟರ್‌ನ್ಯಾಷನಲ್, ಬಾಗಿಲಲ್ಲಿ ಕಾರಂಜಿ. ಸುತ್ತಲ ಮನೆಗಳಿಗೆ ಬೆಲೆ ಬಂದದ್ದೇ ಆ ಶಾಲೆಯಿಂದಂತೆ. ಅರ್ಜಿ ಹಾಕಿದೆವು, ಮುಂದಿನ ವಾರ ಅಲ್ಲಿಂದ ಕರೆ ಬಂತು: ಮಗುವಿನೊಂದಿಗೆ ಮಾತುಕತೆ, ಪಾಲಕರೊಂದಿಗೆ ಮಾತುಕತೆ.

ನನ್ನನ್ನು ನೋಡಲು ಸದಾನಂದರ ಮನೆಯವರು ಬಂದಾಗಲೂ ನಾನು ಇಷ್ಟು ಹೆದರಿರಲಿಲ್ಲ. ಆಗ ಹಾಡು ಬರುತ್ತದೆಯೇ ಎಂದು ಕೇಳಿದ್ದರು, ಬರುವುದಿಲ್ಲ ಎಂದಿದ್ದೆ, ಉಪ್ಪಿಟ್ಟು ತಿಂದು ಒಪ್ಪಿಗೆ ಹೇಳಿ ಹೋಗಿದ್ದರು. ಇಲ್ಲಿ ಉಪ್ಪಿಟ್ಟೂ ಇಲ್ಲ. ಗಾಜಿನ ಕೋಣೆಯಲ್ಲಿ ಒಬ್ಬ ಕೌನ್ಸೆಲರ್ ಕುಳಿತಿದ್ದರು, ನನಗಿಂತ ಚಿಕ್ಕವರು, ನಗು ಮಾಸದ ಮುಖದವರು. ಮೊದಲ ಪ್ರಶ್ನೆ ನನ್ನ ಗಂಡನಿಗೆ. ನಮ್ಮ ಶಾಲೆಯನ್ನೇ ಯಾಕೆ ಆರಿಸಿಕೊಂಡಿರಿ? ನಾನು ಹಿಂದಿನ ದಿನವೆಲ್ಲ ಹೇಳಿಕೊಟ್ಟಿದ್ದೆ, ಮಗುವಿನ ಸರ್ವಾಂಗೀಣ ಬೆಳವಣಿಗೆ ಎನ್ನಬೇಕು ಅಂತ. ಇವರು, "ಹತ್ತಿರ ಉಂಟಲ್ಲ, ಅದಕ್ಕೆ" ಎಂಬುದನ್ನೇ ಇಂಗ್ಲಿಷಿನಲ್ಲಿ ಹೇಳಿದರು.

ಆಕೆ ಇಂಚರಳ ಕಡೆ ತಿರುಗಿದರು. ಮೇಜಿನ ಮೇಲಿದ್ದ ಸೇಬನ್ನು ತೋರಿಸಿ ಇದೇನು ಎಂದರು. "ಪ್ಲಾಸ್ಟಿಕ್" ಎಂದಳು ನನ್ನ ಮಗಳು. ಅದು ಪ್ಲಾಸ್ಟಿಕ್ಕಿನ ಸೇಬೇ ಆಗಿತ್ತು. ಮನೆಯಲ್ಲಿ ನಿನಗೆ ಕತೆ ಹೇಳುವವರು ಯಾರು ಎಂದಾಗ ಅಜ್ಜಿ ಎಂದಳು. ಯಾವ ಭಾಷೆಯಲ್ಲಿ ಎಂದಾಗ ಸ್ವಲ್ಪ ಯೋಚಿಸಿ, "ಅಜ್ಜಿ ಭಾಷಾದಾಗ" ಎಂದಳು. ಪಪ್ಪನ ಭಾಷೆ? ಅದು ಬೇರೆ. ಮಮ್ಮಿಯದು? "ಸಿಟ್ಟು ಬಂದ್ರ ಅಜ್ಜೀದು, ಇಲ್ಲಂದ್ರ ಹಿಂದಿ."

ಕೌನ್ಸೆಲರ್ ಏನೋ ಬರೆದುಕೊಂಡರು. ಆಮೇಲೆ ಬಹಳ ಮೃದುವಾಗಿ ಹೇಳಿದರು: ಮಗು ಚುರುಕಾಗಿದೆ, ಆದರೆ ಮನೆಯಲ್ಲಿ ಭಾಷೆಗಳು ಹೆಚ್ಚಾಗಿವೆ, ಗೊಂದಲವಾಗುತ್ತದೆ. ಇನ್ನು ಮುಂದೆ ಇಂಗ್ಲಿಷ್ ಮಾತ್ರ ಇರಲಿ. ಅಜ್ಜಿಗೂ ಸ್ವಲ್ಪ ಹೇಳಿ.

ನಾಲ್ಕು ಭಾಷೆ ಆಡುವ ಮಗುವಿಗೆ ಗೊಂದಲ, ಒಂದೇ ಭಾಷೆ ಬರುವವರಿಗೆ ಸ್ಪಷ್ಟತೆ. ಈ ನಗರವೇ ನಾಲ್ಕು ಭಾಷೆಯಲ್ಲಿ ಬೆಳಗಾಗುತ್ತದೆ. ಅವರ ಕಾರಂಜಿಗೆ ನೀರು ಬಿಡುವವನು ಯಾವ ಭಾಷೆಯವನೆಂದು ಕೇಳಬೇಕೆನಿಸಿತು. ಕೇಳಲಿಲ್ಲ. ಮಗಳ ಸೀಟಿನ ಪ್ರಶ್ನೆ. ಥ್ಯಾಂಕ್ಯೂ ಎಂದು ಎದ್ದು ಬಂದೆ. ಮನೆಗೆ ಬಂದು ಅವ್ವನಿಗೆ ಹೇಳಿದರೆ ಅವಳು ಹಿಟ್ಟು ನಾದುತ್ತಲೇ, "ಆತು, ನಾಳಿಂದ ಇಂಗ್ಲಿಷ್‌ನ್ಯಾಗ ರೊಟ್ಟಿ ಬಡೀತೀನಿ. ತಿನ್ನೋರು ಯಾರಂತ ಕೇಳಿ ಬಾ" ಎಂದಳು.

ಮೂರು ದಿನ ಬಿಟ್ಟು ಸುದ್ದಿ ಬಂತು. ಸೀಟು ಸಿಕ್ಕಿತ್ತು.

ಸದಾನಂದರು ಆಫೀಸಿನಿಂದ ಬರುವಾಗ ಪೇಡೆ ತಂದರು. ಕುಲಕರ್ಣಿ ಮೇಡಂ ನನಗೆ, "ನೋಡಿದಿರಾ, ನಾನು ಹೇಳಿರಲಿಲ್ಲವೇ" ಎಂದರು. ಅವರು ಬದ್ಲಾಪುರದ ಹೆಸರನ್ನೇ ಎತ್ತಿರಲಿಲ್ಲ. ಜಾಧವ್ ದಿನಕ್ಕೆರಡು ಸಲ ಫೋನು ಮಾಡಿ, ಬೇರೆ ಪಾರ್ಟಿ ಕಾಯುತ್ತಿದೆ ಎಂದ. ಎಲ್ಲವೂ ಕೂಡಿಬಂದಿತ್ತು, ಮನೆ, ಶಾಲೆ, ಗಾಳಿ. ನನಗೊಬ್ಬಳಿಗೇ ಏನೋ ಚುಚ್ಚುತ್ತಿತ್ತು. "ಟ್ರೇನು ಒಂದು ಸಲ ನೋಡ್ತೀನ್ರೀ. ಕೆಲಸದ ದಿನ" ಎಂದೆ.

"ನೋಡಿದ್ದೇವಲ್ಲ ಮಾರಾಯ್ತಿ, ಕಿಟಕಿ ಸೀಟಲ್ಲೇ ಕೂತು ಹೋದದ್ದು" ಎಂದರು ಇವರು.

ಮರುದಿನ ಬೆಳಗಾಗುವ ಮೊದಲೇ ಹೊರಟು, ಉಲ್ಟಾ ದಿಕ್ಕಿನಲ್ಲಿ ಬದ್ಲಾಪುರಕ್ಕೆ ಹೋಗಿ, ಅಲ್ಲಿಯವಳೇ ಆದಂತೆ ಫೋರ್ಟಿಗೆ ಹೋಗುವ ಗಾಡಿಗೆ ನಿಂತೆ. ಗಾಡಿ ಅಲ್ಲಿಂದಲೇ ಹೊರಡುತ್ತದಲ್ಲ, ಸೀಟು ಸಿಗದಿರುತ್ತದೆಯೇ ಎಂದುಕೊಂಡಿದ್ದೆ. ಗಾಡಿ ಬಂದಾಗಲೇ ತುಂಬಿತ್ತು. ಮುಂದಿನ ಸ್ಟೇಷನ್ನುಗಳ ಹೆಂಗಸರು ಸೀಟಿಗಾಗಿ ಹಿಂದಕ್ಕೆ ಬದ್ಲಾಪುರದವರೆಗೆ ಪ್ರಯಾಣ ಮಾಡಿ, ಇಳಿಯದೆ ಹಾಗೇ ಕುಳಿತು ಬಂದಿದ್ದರು. ಊರಿನವರು ಅವರನ್ನು ಬೈದರು, ಅವರು ಊರಿನವರನ್ನು ಬೈದರು. ಆ ಬೈಗುಳದ ಒಳಗೆ ನಾನು ಹೆಂಗಸರ ಬೋಗಿಯ ಬಾಗಿಲ ಕಂಬಕ್ಕೆ ಕೈ ಚಾಚಿದೆ, ಸಿಗಲಿಲ್ಲ. ಒಳಗಿನಿಂದ ಯಾರೋ ನನ್ನ ರಟ್ಟೆ ಹಿಡಿದು ಜೋಳದ ಚೀಲ ಎಳೆದಂತೆ ಎಳೆದುಕೊಂಡರು. "ಹೊಸಬಾಕಿ ಕಾಣಸ್ತಾಳ" ಎಂಬ ಕನ್ನಡ ಕಿವಿಗೆ ಬಿತ್ತು.

ಎಳೆದವಳ ಹೆಸರು ಕಸ್ತೂರಿ. ಇಂಡಿ ತಾಲ್ಲೂಕಿನವಳು, ಮಸ್ಜಿದ್ ಬಂದರಿನ ಮಸಾಲೆ ವ್ಯಾಪಾರಿಯೊಬ್ಬರಲ್ಲಿ ಬಿಲ್ಲು ಬರೆಯುವ ಕೆಲಸ. ನಾನೂ ಕನ್ನಡದವಳೆಂದು ತಿಳಿದದ್ದೇ, ತನ್ನ ಮುಂದೆ ಒಂದು ಪಾದ ಊರುವಷ್ಟು ಜಾಗ ಮಾಡಿಕೊಟ್ಟಳು. ಇನ್ನೊಂದು ಪಾದ ಡೋಂಬಿವಲಿಯವರೆಗೆ ಎಲ್ಲಿತ್ತೋ ನನಗೆ ತಿಳಿಯದು.

"ಮನೀ ತಗೋಬೇಕಂತ ಮಾಡೀರೇನ್ರೀ?" ಎಂದಳು. "ತಗೋರಿ, ಛೊಲೊ ಐತಿ. ನಾವೂ ಮಗನ ಸಾಲೀ ಸಲುವಾಗೇ ಬಂದ್ವಿ." ಅವಳು ಹೇಳಿದ ಶಾಲೆ ಅದೇ, ಕಾರಂಜಿಯದು.

"ಮಗ ಎಷ್ಟನೇದು?"

"ಎರಡನೇದು. ಛಂದ ಇಂಗ್ಲಿಷ್ ಮಾತಾಡ್ತಾನ. ನಾ ಹೊರಡೂಮುಂದ ಮಲಗಿರ್ತಾನ. ನಾ ಬರೂಮುಂದ ಮಲಗಿರ್ತಾನ. ನಡುವ ಪಕ್ಕದ ಮನೀ ಮರಾಠಿ ಬಾಯಾರು ನೋಡ್ಕೋತಾರ, ಭಾಳ ಒಳ್ಳೇರು. ಅವರಿಗೆ ಆಯಿ ಅಂತಾನ."

ಆಯಿ ಎಂದರೆ ಅವರಲ್ಲಿ ತಾಯಿ. ಇದು ನನಗೂ ಗೊತ್ತು, ಅವಳಿಗೂ ಗೊತ್ತು. "ನಿಮಗೇನಂತಾನ?" ಎಂದು ಕೇಳಿಬಿಟ್ಟೆ.

"ಮಮ್ಮಿ ಅಂತಾನ, ಸಂಡೇಕ" ಎಂದಳು. ನಕ್ಕಳು. ಸುತ್ತಲ ಗೆಳತಿಯರೂ ನಕ್ಕರು. ಅದು ಅವರೆಲ್ಲ ಎಷ್ಟೋ ಸಲ ನಕ್ಕು ಮುಗಿಸಿದ ಮಾತಿರಬೇಕು. ಯಾರ ಮುಖದಲ್ಲೂ ದೂರಿರಲಿಲ್ಲ. ಒಬ್ಬಳು ನಿಂತಲ್ಲೇ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು, ಒಬ್ಬಳು ನಿಂತಲ್ಲೇ ನಿದ್ದೆ ಮಾಡುತ್ತಿದ್ದಳು, ಜನರ ನಡುವೆ ಬೀಳಲು ಜಾಗವಿಲ್ಲದ್ದರಿಂದ ಬೀಳುತ್ತಿರಲಿಲ್ಲ.

ನನಗೆ ಬಂದ ಸಿಟ್ಟು ಅವತ್ತಿನವರೆಗಿನದೆಲ್ಲವನ್ನೂ ಮೀರಿದ್ದು. ಜಾಧವನ ಮೇಲಲ್ಲ, ಕೌನ್ಸೆಲರ್ ಮೇಲಲ್ಲ. ಕಸ್ತೂರಿಗೆ ಸಿಟ್ಟೇ ಬರಲಿಲ್ಲವಲ್ಲ, ಅದಕ್ಕೆ. ಯಾರೋ ಅವಳ ಮಗನ ಬಾಲ್ಯವನ್ನು ಅವಳ ಕೈಯಿಂದ ಕಿತ್ತುಕೊಂಡು, ಬದಲಿಗೆ ಒಂದು ಬಾಲ್ಕನಿ ಕೊಟ್ಟು, ಹತ್ತಿರ, ಎಲ್ಲವೂ ಹತ್ತಿರ ಎಂದು ಹೇಳಿ ಹೋಗಿದ್ದಾರೆ. ಅವಳು ಅದನ್ನು ತನ್ನ ಅದೃಷ್ಟ ಎಂದುಕೊಂಡಿದ್ದಾಳೆ. ಇಳಿಯುವಾಗ ನನ್ನ ಕೈ ಹಿಡಿದು, "ಬರ್ರಿ ನೀವು. ಜಾಗಾ ಹಿಡಿದಿರ್ತೀನಿ" ಎಂದಳು. ಅವತ್ತು ಆಫೀಸಿನಲ್ಲಿ ಯಾರದೋ ಕಾಗದವನ್ನು ಯಾರದೋ ಫೈಲಿಗೆ ಸೇರಿಸಿ ಬೈಸಿಕೊಂಡೆ.

ಸಂಜೆ ಸದಾನಂದರಿಗೆ ಬೇಡ ಎಂದೆ. ಅವರು ಊಟದ ತಟ್ಟೆಯ ಮುಂದೆ ಕುಳಿತಿದ್ದರು.

"ಒಂದು ದಿನ ಗರ್ದಿ ಇತ್ತು ಅಂತ ಮನೆಯೇ ಬೇಡವಾ? ಲಕ್ಷಗಟ್ಲೆ ಜನ ಹೋಗ್ತಾರೆ" ಎಂದರು.

"ಲಕ್ಷಗಟ್ಲೆ ಜನ ಹೋಗ್ತಾರ ಅಂದ್ರ ಅದು ಸರಿ ಅಂತಲ್ರೀ."

"ನಿನಗೆ ಎಲ್ಲದರ ಮೇಲೂ ಕೋಪ. ಬ್ರೋಕರ್ ಮೇಲೆ ಕೋಪ, ಶಾಲೆ ಮೇಲೆ ಕೋಪ, ಈಗ ರೈಲಿನ ಮೇಲೆ ಕೋಪ. ಕೋಪ ಮಾಡಿಕೊಂಡು ಎಲ್ಲಿ ಇರುವುದು ನಾವು? ಆ ಕೋಪದಲ್ಲಿ ನಾಲ್ಕು ಜನ ಮಲಗ್ಲಿಕ್ಕೆ ಆಗ್ತದಾ?"

ಅವ್ವ ಒಳಗಿನಿಂದ ಎಲ್ಲ ಕೇಳುತ್ತಿದ್ದಳು. ಸದಾನಂದರು ಕೈ ತೊಳೆದು ಬಂದು, "ಅಟ್ಟದ ಮೇಲೆ ಮಲಗುವಾಗ ನನಗೆ ಒಂದೇ ಯೋಚನೆ ಇದ್ದದ್ದು. ಒಂದು ಬಾಗಿಲು ನನ್ನದಿರ್ಬೇಕು, ಒಳಗಿಂದ ಚಿಲಕ ಹಾಕಲಿಕ್ಕೆ" ಎಂದು, ಮಾತು ಮುಗಿಸದೆ ಹೊರಗೆ ಹೋದರು. ಸಿಟ್ಟಿನವಳಿಗೆ ಎದುರು ಸಿಟ್ಟು ಮಾಡುವವರು ಸಿಕ್ಕರೆ ಸುಲಭ. ಹೀಗೆ ತಣ್ಣಗೆ ನೋಯುವವರ ಮುಂದೆ ನಾನು ಏನು ಮಾಡಲಿ? ಆ ವಾರವೆಲ್ಲ ನಾವಿಬ್ಬರೂ ಗ್ಯಾಸು, ಹಾಲು, ಮಗಳ ನೆಗಡಿ, ಇಷ್ಟರ ಬಗ್ಗೆ ಮಾತ್ರ ಮಾತಾಡಿದೆವು.

ಒಂದು ಸಂಜೆ ಅವರು ಬರುವುದು ಬಹಳ ತಡವಾಯಿತು. ಬಂದಾಗ ಅಂಗಿಯ ಮೇಲಿನ ಗುಂಡಿ ಇರಲಿಲ್ಲ. ಊಟದ ಡಬ್ಬಿಯ ಚೀಲದ ಹಿಡಿಕೆ ಕಿತ್ತು, ಅದನ್ನು ಮಗುವಿನಂತೆ ಕಂಕುಳಲ್ಲಿ ಹಿಡಿದುಕೊಂಡಿದ್ದರು. ಬಾಂದ್ರಾದಿಂದ ಚೆಂಬೂರಿಗೆ ಬಂದರೆ ಅಷ್ಟು ಹಾಳಾಗುವುದಿಲ್ಲ. ಬದ್ಲಾಪುರದ ಗಾಡಿ ಹತ್ತಿ ನೋಡಿ ಬಂದರೆಂದು ನನಗೆ ಗೊತ್ತಾಯಿತು, ನನಗೆ ಗೊತ್ತಾಯಿತೆಂದು ಅವರಿಗೂ ಗೊತ್ತಾಯಿತು. ಮಲಗಿದ್ದ ಇಂಚರಳ ಹತ್ತಿರ ಹೋಗಿ ಅವರು ಸ್ವಲ್ಪ ಹೊತ್ತು ಕುಳಿತರು. ಮಾರನೆಯ ಬೆಳಿಗ್ಗೆ ಚಹಾ ಕುಡಿಯುತ್ತ, "ಗೋವಂಡಿಯಲ್ಲಿ ಒಂದು ಮನೆ ಉಂಟಂತೆ, ಬಾಡಿಗೆಗೆ. ನಮ್ಮ ಆಫೀಸಿನವನೊಬ್ಬ ಹೇಳಿದ. ನೋಡುವನಾ?" ಎಂದರು.

ಗೋವಂಡಿ ಎಂದರೆ ಚೆಂಬೂರಿನ ಮುಂದಿನ ಸ್ಟೇಷನ್. ಕಸದ ಗುಡ್ಡ, ಜೋಪಡಿಗಳ ಕಡೆಯದೆಂದು ಇಷ್ಟು ದಿನ ಯಾರೂ ನಮಗೆ ಆ ಹೆಸರು ಹೇಳಿರಲಿಲ್ಲ. ಬ್ರೋಕರುಗಳು ಅಲ್ಲಿಯ ಮನೆಯನ್ನೂ ಚೆಂಬೂರು ಎಂದೇ ಮಾರುತ್ತಾರೆ, ಆ ಹೆಸರಿಗೊಂದು ಹೆಚ್ಚಿನ ದರ ಹಾಕಿ. ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ, ಸೂರಿನ ತಗಡಿನ ಮೇಲೆ ಮಳೆ ಬಿದ್ದರೆ ಫೋನು ಕೇಳಿಸದು. ಸದಾನಂದರು ಒಳಗೆ ಹೋಗಿ ಮೇಲೆ ನೋಡಿದರು. ಕೈ ಎತ್ತಿ ನೋಡಿದರು, ಸೂರು ಮುಟ್ಟಲಿಲ್ಲ. ಬಾಗಿಲು ಮುಚ್ಚಿ, ಒಳಗಿಂದ ಚಿಲಕ ಹಾಕಿ, ತೆಗೆದು, "ಆಗ್ತದೆ" ಎಂದರು. ಅವ್ವ ನಮ್ಮ ಜೊತೆ ಒಳಗೇ ಬರಲಿಲ್ಲ. ಗಲ್ಲಿಯ ಕೊನೆಯಿಂದ ಬರುವ ಗಿರಣಿಯ ಸದ್ದಿನ ಬೆನ್ನು ಹತ್ತಿ ಆಗಲೇ ಹೋಗಿಯಾಗಿತ್ತು.

ಶಾಲೆ ಹತ್ತಿರದಲ್ಲೇ ಇತ್ತು, ಅನುದಾನಿತ, ಹಳೆಯದು. ಕಾರಂಜಿಯ ಜಾಗದಲ್ಲಿ ಕುಡಿಯುವ ನೀರಿನ ನಲ್ಲಿ. ಮುಖ್ಯೋಪಾಧ್ಯಾಯಿನಿ ಮರಾಠಿಯಲ್ಲಿ ಮಾತಾಡುವ, ಕನ್ನಡಕ ಹಣೆಗೇರಿಸಿಕೊಂಡ ಹೆಂಗಸು. ಯಾಕೆ ಈ ಶಾಲೆ ಎಂದು ನಮ್ಮನ್ನು ಕೇಳಲಿಲ್ಲ. ಇಂಚರಳ ಹೆಸರು ಕೇಳಿದರು, ಅದರ ಅರ್ಥ ಕೇಳಿದರು, ಹಕ್ಕಿಗಳ ದನಿ ಎಂದದ್ದಕ್ಕೆ ಹಕ್ಕಿಯಂತೆ ಕೂಗು ನೋಡೋಣ ಎಂದರು. ಅವಳು ಕಾಗೆಯಂತೆ ಕೂಗಿದಳು. ಆಮೇಲೆ ಅವ್ವನ ಕಡೆ ತಿರುಗಿ ಒಂದೇ ಪ್ರಶ್ನೆ ಹಾಕಿದರು: ಬೆಳಿಗ್ಗೆ ಏನಾದರೂ ತಿಂದು ಬರುತ್ತಾಳಲ್ಲ? ಖಾಲಿ ಹೊಟ್ಟೆಯಲ್ಲಿ ಬರುವ ಮಕ್ಕಳು ಬಹಳ, ಹತ್ತು ಗಂಟೆಗೆ ತಲೆ ತಿರುಗಿ ಬೀಳುತ್ತವೆ. "ರೊಟ್ಟಿ ತಿಂತಾಳ್ರೀ ಬಾಯಾರ" ಎಂದಳು ಅವ್ವ ಕನ್ನಡದಲ್ಲೇ. ಇಬ್ಬರಿಗೂ ಅರ್ಥವಾಯಿತು.

ನಾನು ಇದನ್ನು ಸ್ವರ್ಗ ಎನ್ನುತ್ತಿಲ್ಲ. ಒಂದು ತರಗತಿಯಲ್ಲಿ ಮಕ್ಕಳು ಕಿಕ್ಕಿರಿದಿದ್ದಾರೆ, ಗಣಿತದ ಟೀಚರು ಅರ್ಧ ವರ್ಷ ಇರಲಿಲ್ಲ, ಮಳೆಗಾಲದಲ್ಲಿ ಅಂಗಳ ಕೆರೆಯಾಗುತ್ತದೆ. ಇದರ ಬಗ್ಗೆಯೂ ನನಗೆ ಸಿಟ್ಟಿದೆ, ಪಾಲಕರ ಸಭೆಯಲ್ಲಿ ಎದ್ದು ನಿಂತು ಹೇಳಿದ್ದೇನೆ. ಆದರೆ ಆಫೀಸಿನಲ್ಲಿ ಗೋವಂಡಿ ಎಂದಾಗ ಕುಲಕರ್ಣಿ ಮೇಡಂ ಮೂಗಿನ ಮೇಲೆ ಒಂದು ಗೆರೆ ಮೂಡಿತಲ್ಲ, "ಅಯ್ಯೋ, ಅಲ್ಲಿ ಯಾಕೆ? ಮಗಳ ಭವಿಷ್ಯ ನೋಡಬೇಡವೇ?" ಎಂದರಲ್ಲ, ಅದನ್ನು ಮರೆಯಲಾರೆ. ಒಂದು ಊರಿನಲ್ಲಿ ಲಕ್ಷ ಜನ ಮಕ್ಕಳನ್ನು ಬೆಳೆಸುತ್ತಿರುತ್ತಾರೆ, ಇನ್ನೊಂದು ಊರಿನವರ ಮೂಗು ಅದನ್ನು ಒಂದು ಗೆರೆಯಲ್ಲಿ ಅಳಿಸಿಹಾಕುತ್ತದೆ. "ಮೇಡಂ, ನಾನು ಈಗ ಅವಳ ವರ್ತಮಾನ ನೋಡ್ತಿದ್ದೀನಿ" ಎಂದೆ. ಈ ಮಾತು ಆ ಹೊತ್ತಿಗೇ ಹೊಳೆಯಿತಲ್ಲ ಎಂದು ಹೆಮ್ಮೆಪಟ್ಟೆ. ಸಾಮಾನ್ಯವಾಗಿ ನನ್ನ ಒಳ್ಳೆಯ ಉತ್ತರಗಳು ಮನೆಯ ಗಾಡಿ ಕುರ್ಲಾ ದಾಟಿದ ಮೇಲೆ ಬರುತ್ತವೆ.

ಹೊಸ ಮನೆಗೆ ಹೋದ ಮೊದಲ ಸೋಮವಾರ ಸರಿಯಾದ ಹೊತ್ತಿಗೆ ಆಫೀಸು ಬಿಟ್ಟೆ. ಹಾರ್ಬರ್ ಲೈನಿನ ಗಾಡಿ ಸಿಕ್ಕಿತು, ನಿಲ್ಲಲು ಎರಡೂ ಪಾದಕ್ಕೆ ಜಾಗ ಸಿಕ್ಕಿತು. ಗೋವಂಡಿಯಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ನಿಜವಾದ ಬಿಸಿಲು, ಹಳದಿ ಬಣ್ಣದ್ದು, ಗೋಡೆಗಳ ಮೇಲೆ ಬೀಳುವಂಥದ್ದು. ನಾನು ಬಹುತೇಕ ಓಡಿದೆ. ಗಲ್ಲಿಗೆ ತಿರುಗಿದರೆ ಮಕ್ಕಳ ಹಿಂಡು. ಒಡೆದ ಹೆಂಚಿನ ಚೂರು ಪೇರಿಸಿ ಲಗೋರಿ ಆಡುತ್ತಿದ್ದರು. ನಡುವೆ ಇಂಚರ, ಮೊಣಕಾಲು ತರಚಿತ್ತು, ಜಡೆ ಬಿಚ್ಚಿತ್ತು, ಮುಖ ಕೆಂಪಾಗಿತ್ತು. ನಾನು ಕೈ ಚಾಚಿದೆ.

ಅವಳು ನನ್ನನ್ನು ನೋಡಿದಳು. ಮುಖ ಬಾಡಿತು.

"ಮಮ್ಮಿ, ಇಷ್ಟು ಜಲ್ದಿ ಯಾಕ ಬಂದಿ?" ಎಂದಳು. "ನನ್ನ ಪಾಳಿ ಇನ್ನೂ ಬಂದಿಲ್ಲ. ನೀ ಇನ್ನೊಂಚೂರು ಆಫೀಸಿಗೆ ಹೋಗಿ ಬಾ."

ಮಕ್ಕಳೆಲ್ಲ ಆಟ ನಿಲ್ಲಿಸಿ ನನ್ನತ್ತ ನೋಡಿದವು, ಈ ಹೆಂಗಸು ಯಾವಾಗ ಹೋಗುತ್ತಾಳೆ ಎಂಬಂತೆ. ಈ ಹೊತ್ತಿನಲ್ಲಿ ಈ ಗಲ್ಲಿಯಲ್ಲಿ ನಿಲ್ಲಲು ನಾನು ಬ್ರೋಕರನ ಜೊತೆ ಕಾದಿದ್ದೆ, ಶಾಲೆಯೊಂದನ್ನು ಬಿಟ್ಟಿದ್ದೆ, ಬಂಗಾರದಂಥ ಗಂಡನ ಮನಸ್ಸು ನೋಯಿಸಿದ್ದೆ. ಸಿಟ್ಟು ಬಂದದ್ದು ಹೌದು. ಚಪ್ಪಲಿ ಬಿಟ್ಟು ಬಾಗಿಲ ಮೆಟ್ಟಿಲ ಮೇಲೆ ಕುಳಿತೆ. ಅವಳ ಪಾಳಿ ಮುಗಿಯುವವರೆಗೆ ಏಳುವುದಿಲ್ಲ ಎಂದು ನಿಶ್ಚಯಿಸಿದೆ. ಆ ಪಾಳಿಯೋ, ಕತ್ತಲಾದರೂ ಬರುವ ಲಕ್ಷಣವೇ ಇರಲಿಲ್ಲ.